ಪುಟದ ಮೇಲೆ ಅರಿಶಿನ

ಹೆದರುವುದರಲ್ಲಿ ಲಾವಣ್ಯಾ ಎತ್ತಿದ ಕೈ. ಸಾಂತಾಕ್ರೂಜಿನ ಅವರ ಬಿಲ್ಡಿಂಗಿನಲ್ಲಿ ಅದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಬಾಗಿಲಿಗೆ ಬೀಗ ಹಾಕಿ ಎರಡು ಮಹಡಿ ಇಳಿದವಳು, ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಮತ್ತೆ ಮೇಲೆ ಹತ್ತುವಳು. ಲೋಕಲ್ ರೈಲು ಬಾಂದ್ರಾ ದಾಟುವುದರೊಳಗೆ, ಮಗಳನ್ನು ಬಿಟ್ಟು ಬಂದ ಪಾಳಣಾಘರಕ್ಕೆ ಫೋನು ಹೋಗಿರುತ್ತಿತ್ತು: ಅಳುವುದು ನಿಲ್ಲಿಸಿದಳಾ? ಹಾಲು ಕುಡಿದಳಾ? ಮೈ ಮುಟ್ಟಿ ನೋಡಿ, ಬೆಚ್ಚಗಿದೆಯಾ? ಮಗಳಿಗೆ ಮೂರು ವರ್ಷ. ಅಜ್ಜಿಯ ಹೆಸರನ್ನೇ ಇಟ್ಟು ಅಕ್ಕು ಎಂದು ಕರೆಯುತ್ತಿದ್ದರು. ಅಕ್ಕು ನಿದ್ದೆಯಲ್ಲಿ ಒಮ್ಮೆ ಕೆಮ್ಮಿದರೆ ಲಾವಣ್ಯಾಳ ಮನಸ್ಸು ಆಸ್ಪತ್ರೆಯ ಮೆಟ್ಟಿಲು ಹತ್ತಿ ಇಳಿದು ಬರುತ್ತಿತ್ತು.

“ನಿನಗೆ ಹೆದರಲಿಕ್ಕೆ ಕಾರಣ ಬೇಡ ಮಾರಾಯ್ತಿ, ಪುರುಸೊತ್ತು ಸಿಕ್ಕಿದರೆ ಸಾಕು,” ಎಂದು ಗಂಡ ಸೃಜನ್ ಛೇಡಿಸುತ್ತಿದ್ದ. ಅವನಿಗೆ ಏರ್‌ಪೋರ್ಟಿನ ಹತ್ತಿರದ ಹೋಟೆಲಿನಲ್ಲಿ ಕೆಲಸ, ಪಾಳಿಯ ಡ್ಯೂಟಿ.

ಲಾವಣ್ಯಾಳ ಅಪ್ಪನೂ ಹೋಟೆಲಿನವರೇ. ಉಡುಪಿ ಕಡೆಯಿಂದ ಬಂದು ಸಾಂತಾಕ್ರೂಜಿನ ಒಂದು ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತೇ ಮುದುಕರಾದವರು. ಲಾವಣ್ಯಾಳಿಗೆ ಚಿತ್ರ ಬಿಡಿಸುವ ಹುಚ್ಚು. ಆರ್ಟ್ ಸ್ಕೂಲಿಗೆ ಸೇರುತ್ತೇನೆ ಎಂದಾಗ ಅಪ್ಪ ಬೇಡ ಅನ್ನಲಿಲ್ಲ. ಅವಳೇ, ಮುಂದೆ ಹೊಟ್ಟೆಗೇನು ಎಂದು ಹೆದರಿ ಲೈಬ್ರರಿ ಸೈನ್ಸ್ ಓದಿದಳು. ಕೊನೆಗೆ ದಾದರಿನ ಆರ್ಟ್ ಕಾಲೇಜಿನ ಲೈಬ್ರರಿಯಲ್ಲಿ ಅಸಿಸ್ಟೆಂಟ್ ಆದಳು. ಬಣ್ಣ ಕಲಸುವ ಕೈಗಳಿಗೆ ಪುಸ್ತಕ ಎತ್ತಿ ಕೊಡುವ ಕೆಲಸ. ನೌಕರಿ ಕಾಯಂ ಅಲ್ಲ. ಪ್ರತಿ ಡಿಸೆಂಬರಿನಲ್ಲಿ ಮುಂದುವರಿಸಬೇಕು. ಅದೂ ಒಂದು ಹೆದರಿಕೆ.

ಶನಿವಾರದ ವರ್ಕ್‌ಶಾಪು ಅವಳ ಕೊರಳಿಗೆ ಬಿದ್ದದ್ದೂ ಹೆದರಿಕೆಯಿಂದಲೇ. ಲೈಬ್ರರಿ ಊರಿನವರಿಗೂ ಬಾಗಿಲು ತೆರೆಯಬೇಕು, ಸುತ್ತಲಿನ ಬಡ ಬಸ್ತಿಗಳವರಿಗೆ ಏನಾದರೂ ಕಲಿಸಬೇಕು ಎಂದು ಮೇಲಿನಿಂದ ಅಪ್ಪಣೆ ಬಂತು. ಶನಿವಾರ ಯಾರಿಗೆ ಬೇಕು? ಮೀಟಿಂಗಿನಲ್ಲಿ ಎಲ್ಲರೂ ಫ್ಯಾನ್ ನೋಡುತ್ತ ಕೂತರು. ಲಾವಣ್ಯಾ ಆಗಲ್ಲ ಎನ್ನಲು ಹೆದರಿ ಆಯಿತು ಅಂದುಬಿಟ್ಟಳು.

ಆಂಟಾಪ್ ಹಿಲ್ಲಿನ ಚಾಳುಗಳಲ್ಲಿ ತಿರುಗಿ ಹೆಂಗಸರನ್ನು ಕರೆದಳು. ಮೊದಲು ಬಂದವಳು ಗುರುಬಾಯಿ. ಕಲಬುರಗಿ ಕಡೆಯವಳು. ಗಂಡ ಭೀಮರಾಯ ಬಿಲ್ಡಿಂಗ್ ಕಟ್ಟುವ ಕೆಲಸಕ್ಕೆ ಹೋದರೆ, ಅವಳು ನಾಲ್ಕು ಮನೆಗಳ ಪಾತ್ರೆ ತೊಳೆದು ಬರುವಳು. ಮೊದಲ ದಿನ ಲೈಬ್ರರಿಯ ಬಾಗಿಲಲ್ಲೇ ನಿಂತು ಒಳಗೆ ಕಣ್ಣಾಡಿಸಿ, “ಯವ್ವಾ, ಇಷ್ಟೊಂದು ಪುಸ್ತಕ! ಇವನ್ನ ಒರಸೋದು ಯಾರ್ರಿ?” ಎಂದು ಕೇಳಿದ್ದಳು.

“ಒರೆಸಲಿಕ್ಕೆ ಅಲ್ಲ ಗುರುಬಾಯಕ್ಕ, ನೋಡಲಿಕ್ಕೆ ಕರೆದದ್ದು.”

“ನೋಡ್ಲಕ? ನಮಗ?” ಅವಳು ಹಿಂದೆ ತಿರುಗಿ ಉಳಿದವರಿಗೆ ಕೂಗಿದಳು: “ಏ ಮಹಾದೇವಿ, ಬಾ ಬಾ, ಕೆಲಸಕ್ಕಲ್ಲಂತ!”

ಹಾಗೆ ಶುರುವಾಯಿತು. ಲಾವಣ್ಯಾ ಪುಸ್ತಕ ಹೊಲಿಯುವುದನ್ನು ಕಲಿಸಿದಳು. ಹಾಳೆ ಮಡಚಿ, ದಬ್ಬಣದಿಂದ ತೂತು ಮಾಡಿ, ಮೇಣ ಸವರಿದ ದಾರದಲ್ಲಿ ಬೆನ್ನು ಕಟ್ಟುವುದು. ಹೆಂಗಸರು ಹಳೆ ಸೀರೆಯ ತುಂಡುಗಳನ್ನು ಕೌದಿಯ ಹಾಗೆ ಜೋಡಿಸಿ ರಟ್ಟಿಗೆ ಹೊದಿಸಿದರು. ಮಾದರಿ ಹುಡುಕಲು ಲಾವಣ್ಯಾ ಒಂದು ದೊಡ್ಡ ಪುಸ್ತಕ ತೆಗೆಯುತ್ತಿದ್ದಳು. ನೂರು ವರ್ಷದ ಹಿಂದಿನ ಅಚ್ಚು, ಮಗು ಮಲಗಿಸುವಷ್ಟು ಅಗಲ, ಒಳಗೆ ದೇಶದ ಮೂಲೆಮೂಲೆಯ ನೇಯ್ಗೆಯ ಬಣ್ಣದ ಚಿತ್ರಗಳು. ಅದರ ನಡುವಿನ ಒಂದು ಪುಟದಲ್ಲಿ ಚಹಾದ ಕಪ್ ಇಟ್ಟು ಮೂಡಿದ ಕಂದು ಉಂಗುರದ ಕಲೆಯಿತ್ತು. ಆ ಕಾಲೇಜಿನ ಹಳೆಯ, ಹೆಸರುವಾಸಿ ಮೇಷ್ಟರೊಬ್ಬರು ಇಟ್ಟದ್ದಂತೆ. ಲೈಬ್ರರಿಯ ಮುಖ್ಯಸ್ಥ ಶಶಿಕಾಂತ ಸರ್, ಪ್ರತಿ ವರ್ಷ ಹೊಸ ಹುಡುಗರನ್ನು ಸುತ್ತ ನಿಲ್ಲಿಸಿಕೊಂಡು ಅದನ್ನು ತೋರಿಸುವರು: “ನೋಡಿ, ಸರ್ ಇಲ್ಲಿ ಕೂತು ಕೆಲಸ ಮಾಡಿದರು. ಇದು ಅವರ ಚಹಾ.” ಹುಡುಗರು ಫೋಟೋ ತೆಗೆದುಕೊಳ್ಳುವರು.

ಗುರುಬಾಯಿಗೆ ಇಷ್ಟವಾದದ್ದೂ ಅದೇ ಪುಟ. ಉಂಗುರಕ್ಕಲ್ಲ, ಪಕ್ಕದಲ್ಲಿದ್ದ ಇಳಕಲ್ ಸೆರಗಿನ ಚಿತ್ರಕ್ಕೆ. “ನಮ್ಮವ್ವನ ಸೀರಿ ಇಂವ ಯಾವಾಗ ನೋಡಿದ್ನೋ ಏನೋ,” ಎಂದು ಬರೆದವನನ್ನು ಬೈದು, ಆ ಸೆರಗನ್ನೇ ನೋಡಿಕೊಂಡು ತನ್ನ ಮೊದಲ ಪುಸ್ತಕಕ್ಕೆ ಹೊದಿಕೆ ಹೊಲಿದಿದ್ದಳು.

ಈ ವರ್ಷ ಖಂಡೇ ಪೂಜೆ ಶನಿವಾರವೇ ಬಂತು. ದುಡಿಯುವ ಸಾಮಾನಿಗೆಲ್ಲ ಪೂಜೆ ಮಾಡುವ ದಿನ. ಹೆಂಗಸರು ಅರಿಶಿನ, ಕುಂಕುಮ, ವಿಭೂತಿ, ಚೆಂಡುಹೂ, ತೆಂಗಿನಕಾಯಿ, ಕರ್ಪೂರ, ಊದುಬತ್ತಿ ಎಲ್ಲ ಚೀಲದಲ್ಲಿ ತುಂಬಿಕೊಂಡೇ ಬಂದರು. ಲಾವಣ್ಯಾ ಎರಡೂ ಕೈ ಅಡ್ಡ ಹಿಡಿದಳು.

“ಅಯ್ಯೋ, ಕರ್ಪೂರ ಬೇಡ! ಬೆಂಕಿ! ಊದುಬತ್ತಿ ಬೇಡವೇ ಬೇಡ, ಹೊಗೆಗೆ ಅಲಾರಂ ಹೊಡೀತದೆ. ಕಾಯಿ ಒಡೀಬೇಡಿ, ನೀರು ಚೆಲ್ತದೆ.”

“ಮತ್ತೇನ್ ಮಾಡಬೇಕ್ರಿ? ನಮಸ್ಕಾರ ಒಂದ ಮಾಡಿ ಮನಿಗಿ ಹೋಗಬೇಕೇನ್?” ಎಂದಳು ಮಹಾದೇವಿ.

ಅಪ್ಪನ ಹೋಟೆಲಿನಲ್ಲಿ ರುಬ್ಬುವ ಕಲ್ಲಿಗೂ ಒಲೆಗೂ ಬೊಟ್ಟಿಟ್ಟು ಹೂ ಮುಡಿಸುತ್ತಿದ್ದದ್ದು ಲಾವಣ್ಯಾಳಿಗೆ ನೆನಪಾಯಿತು. “ಅರಿಶಿನ-ಕುಂಕುಮ ಇಡಿ. ಕಾಗದ ಕತ್ತರಿಸುವ ಮಷೀನಿಗೆ ಇಡಿ, ಪ್ರೆಸ್ಸಿಗೆ ಇಡಿ. ಸ್ವಲ್ಪವೇ.”

ಕರ್ಪೂರದ ಪೊಟ್ಟಣ ಕಸಿದು ಅವಳು ಕಪಾಟಿನಲ್ಲಿಟ್ಟು ಬೀಗ ಹಾಕಿ ಬರುವಷ್ಟರಲ್ಲಿ, ಗುರುಬಾಯಿ ಒದ್ದೆ ಅರಿಶಿನದಲ್ಲಿ ಅದ್ದಿದ ಬೆರಳುಗಳನ್ನು ದೊಡ್ಡ ಪುಸ್ತಕದ ಮೇಲೆ ಒತ್ತಿ, ಕಣ್ಣಿಗೊತ್ತಿಕೊಂಡಾಗಿತ್ತು. ಸೆರಗಿನ ಚಿತ್ರದ ಕೆಳಗೆ, ಚಹಾದ ಉಂಗುರದಿಂದ ಗೇಣು ದೂರದಲ್ಲಿ, ನಾಲ್ಕು ಹಳದಿ ಬೆರಳು, ನಡುವೆ ಕುಂಕುಮ.

“ಗುರುಬಾಯಕ್ಕಾ! ಎಂತ ಮಾಡಿದ್ರಿ!”

ಗುರುಬಾಯಿ ಬೆಚ್ಚಿ ತಿರುಗಿದಳು. “ಯಾಕ್ರಿ? ಕಲಿಸಿದ್ದು ಇದ ಅಲ್ಲೇನ್ರಿ? ಕತ್ರಿ ಏನ್ ಕಲಿಸ್ತದ? ಪೂಜಿ ಮೊದ್ಲ ಇದಕ್ಕ ಅಂದೆ ನಾ.”

ಲಾವಣ್ಯಾ ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡಳು. ಪುಟವನ್ನು ತೆರೆದಿಟ್ಟು ಹೋದವಳು ತಾನೇ. ಬೆಂಕಿ ಕಾಯಲು ಹೋಗಿ ಪುಸ್ತಕ ಕಾಯುವುದನ್ನು ಮರೆತಿದ್ದಳು.

ಸೋಮವಾರ ಬೆಳಿಗ್ಗೆ ಅವಳೇ ಶಶಿಕಾಂತ ಸರ್ ಮುಂದೆ ಪುಟ ತೆರೆದು ತೋರಿಸಿದಳು. ಅವರು ಪುಟದ ಮೇಲೆ ಬಾಗಿದರು. ಕೆಟ್ಟ ಮನುಷ್ಯರಲ್ಲ, ಆ ಪುಸ್ತಕಕ್ಕೆ ಮಳೆಗಾಲದಲ್ಲಿ ತಮ್ಮ ಕೈಯಾರೆ ಬಟ್ಟೆ ಹೊದಿಸುವವರು. ಕನ್ನಡಕ ತೆಗೆದು ಒರೆಸಿದರು. ಆಮೇಲೆ ತಮ್ಮ ಮರಾಠಿಯಲ್ಲಿ ಮೆಲ್ಲಗೆ ಹೇಳಿದರು:

“ಲಾವಣ್ಯಾ, ನೀನು ಚಿಂತೆ ಮಾಡಬೇಡ. ನೀನು ಫೋನಿಗೆಂದು ಹೊರಗೆ ಹೋಗಿದ್ದೆ, ಆಗ ಹೊರಗಿನ ಹೆಂಗಸರು ಹಾಳು ಮಾಡಿದರು ಎಂದು ಪ್ರಿನ್ಸಿಪಾಲರಿಗೆ ಹೇಳುತ್ತೇನೆ. ನೀನು ಯಾವಾಗಲೂ ಫೋನಿನಲ್ಲೇ ಇರುತ್ತೀಯಲ್ಲ, ಯಾರೂ ಅನುಮಾನ ಪಡುವುದಿಲ್ಲ. ಡಿಸೆಂಬರ್ ಹತ್ತಿರ ಬಂತು, ನಿನಗೆ ಚಿಕ್ಕ ಮಗು ಇದೆ. ಶನಿವಾರ ಇನ್ನು ಬಂದ್.”

ತಪ್ಪಿಸಿಕೊಳ್ಳುವ ಬಾಗಿಲು ತೆರೆದೇ ಇತ್ತು. ಹೂಂ ಅಂದರೆ ಸಾಕಿತ್ತು. ಇಷ್ಟು ವರ್ಷ ಹೂಂ ಅಂದೇ ಬದುಕಿದವಳು. ಅವಳು ಮೇಜಿನ ಅಂಚು ಹಿಡಿದುಕೊಂಡಳು.

“ನಾನು ಹೊರಗೆ ಹೋಗಿರಲಿಲ್ಲ ಸರ್. ಅಲ್ಲೇ ಇದ್ದೆ. ಪುಟ ತೆರೆದಿಟ್ಟದ್ದು ನಾನು. ಅರಿಶಿನ ಇಡಬಹುದು ಅಂದದ್ದೂ ನಾನು.”

“ಅದನ್ನು ಯಾರು ಕೇಳಿದರು ಈಗ?”

“ನಿಮ್ಮ ಮನೆಯಲ್ಲೂ ಖಂಡೇನವಮಿ ಇದೆಯಲ್ಲ ಸರ್. ಪುಸ್ತಕಕ್ಕೆ ಪೂಜೆ ಮಾಡುವುದಿಲ್ಲವೇ?”

“ಮನೆಯಲ್ಲಿ ಮಾಡುತ್ತೇವೆ. ಇದು ಮನೆಯಲ್ಲ. ಇಂಥ ಪುಸ್ತಕ ಮತ್ತೆ ಸಿಗುವುದಿಲ್ಲ. ತಿಳಿಯುತ್ತದೆಯೇ ನಿನಗೆ?”

“ತಿಳಿಯುತ್ತದೆ. ತಪ್ಪಾಗಿದೆ, ಇಲ್ಲ ಅನ್ನುವುದಿಲ್ಲ. ಇನ್ನು ಮುಂದೆ ಕೈ ತೊಳೆದು ಒರೆಸಿಕೊಂಡೇ ಮುಟ್ಟುತ್ತಾರೆ, ನಾನು ಪಕ್ಕದಲ್ಲೇ ಇರುತ್ತೇನೆ. ಆದರೆ ಇದೇ ಪುಟದಲ್ಲಿ ಚಹಾ ಚೆಲ್ಲಿದವರನ್ನು ಯಾರೂ ಹೊರಗೆ ಹಾಕಲಿಲ್ಲ ಸರ್. ಅದನ್ನು ನೀವು ಹುಡುಗರಿಗೆ ತೋರಿಸುತ್ತೀರಿ.”

ಸರ್ ಮುಖ ಕೆಂಪಾಯಿತು. “ಅವರು ಈ ಕಾಲೇಜಿನವರು.”

“ಇವರು?”

“ಹೊರಗಿನವರು.”

“ಎರಡು ವರ್ಷದಿಂದ ಪ್ರತಿ ಶನಿವಾರ ಬರುತ್ತಾರೆ. ನಮ್ಮ ಹುಡುಗರಲ್ಲಿ ಎಷ್ಟು ಜನ ಹಾಗೆ ಬರುತ್ತಾರೆ?” ತನ್ನ ದನಿ ಏರಿದ್ದು ಲಾವಣ್ಯಾಳಿಗೇ ಕೇಳಿಸಿತು. “ನಾನು ಸುಳ್ಳು ಹೇಳುವುದಿಲ್ಲ. ಶನಿವಾರ ನಿಲ್ಲಿಸುವುದೂ ಇಲ್ಲ.”

ಹೊರಗೆ ಬಂದು ಬಾತ್‌ರೂಮಿನ ಗೋಡೆಗೆ ಒರಗಿ ಪಾಳಣಾಘರಕ್ಕೆ ಫೋನು ಹಚ್ಚಿದಳು. “ಅಕ್ಕು ಊಟ ಮಾಡಿದಳಾ?” “ಮ್ಯಾಡಮ್, ಈಗ ಹತ್ತೂವರೆ,” ಎಂದರು ಆ ಕಡೆಯವರು.

ಆ ವಾರ ಅವಳಿಗೆ ಅನ್ನ ಸೇರಲಿಲ್ಲ. ಕೆಲಸ ಹೋದರೆ ಮನೆ ಬಾಡಿಗೆ, ಅಕ್ಕುವಿನ ಸ್ಕೂಲು, ಅಪ್ಪನ ಔಷಧಿ ಎಲ್ಲ ತಲೆಯಲ್ಲಿ ಗಿರಗಿರ ತಿರುಗಿದವು. “ಸರ್ ಹೇಳಿದ ಹಾಗೆ ಹೂಂ ಅನ್ನಬಹುದಿತ್ತಲ್ಲ?” ಎಂದ ಸೃಜನ್. ಬೈದು ಹೇಳಿದ್ದಲ್ಲ, ಸುಮ್ಮನೆ ಕೇಳಿದ್ದು.

“ಅನ್ನಬಹುದಿತ್ತು. ಆಮೇಲೆ ಗುರುಬಾಯಕ್ಕ ದಾದರ್ ಮಾರ್ಕೆಟಿನಲ್ಲಿ ಎದುರು ಬಂದರೆ ನಾನು ಯಾವ ಕಡೆ ಮುಖ ತಿರುಗಿಸಲಿ, ಹೇಳಿ.”

ಶುಕ್ರವಾರ ಸೃಜನ್, ತನಗೆ ನಾಳೆ ಡ್ಯೂಟಿ, ಪಾಳಣಾಘರಕ್ಕೂ ರಜೆ ಎಂದು ನೆನಪಿಸಿದ.

ಹಾಗಾಗಿ ಶನಿವಾರ ಲಾವಣ್ಯಾ ಮಗಳನ್ನು ಸೊಂಟಕ್ಕೇರಿಸಿಕೊಂಡೇ ದಾದರಿನಲ್ಲಿ ಇಳಿದಳು. ಕಾಲೇಜಿನ ಗೇಟಿನ ಹೊರಗೆ ಫುಟ್‌ಪಾತಿನ ಮೇಲೆ ಹೆಂಗಸರು ನಿಂತಿದ್ದರು. ವಾಚ್‌ಮನ್ ಸಂದೀಪ ಗೇಟಿಗೆ ಅಡ್ಡವಾಗಿ ನಿಂತಿದ್ದ. “ಮ್ಯಾಡಮ್, ಸರ್ ನೇ ಮನಾ ಕಿಯಾ ಹೈ. ಹೊರಗಿನವರನ್ನು ಬಿಡಬೇಡ ಅಂದಿದ್ದಾರೆ.”

ಗುರುಬಾಯಿ ಮುಂದೆ ಬಂದಳು. ಕೈಯಲ್ಲಿ ಕಾಗದದಲ್ಲಿ ಸುತ್ತಿದ ದಬ್ಬಣ, ದಾರದ ಉಂಡೆ. “ನಾವ್ ಒಳಗ ಬರಲ್ಲವ್ವಾ, ಆಗಿದ್ದೆಲ್ಲಾ ಗೊತ್ತಾಗ್ಯದ. ಇವ ನಿಮ್ಮ ಸಾಮಾನ, ಕೊಟ್ಟು ಹೋಗ್ಲಕ ಬಂದೀವಿ. ನಮ್ಮ ಸಲುವಾಗಿ ನಿಮಗ ಯಾಕ ತ್ರಾಸ? ಕೂಸಿನ ತಾಯಿ ಇದ್ದೀರಿ.”

“ಕೂಸಿನ ತಾಯಿ, ಕೂಸಿನ ತಾಯಿ! ಎಲ್ಲರಿಗೂ ಅದೊಂದೇ ಸಿಕ್ಕಿದೆ,” ಲಾವಣ್ಯಾ ಸಿಡುಕಿದಳು. “ನನ್ನ ಕೈಗೆ ಕೊಡಬೇಡಿ. ಒಳಗೆ ಟೇಬಲ್ಲಿದೆ, ಅದರ ಮೇಲೆ ಇಡಿ. ಆಮೇಲೆ ಕೂತು, ಹೋದ ವಾರ ಅರ್ಧಕ್ಕೆ ಬಿಟ್ಟದ್ದನ್ನು ಹೊಲಿಯಿರಿ.”

“ಪೂಜಿ ಮಾಡಿದ್ದು ತಪ್ಪಂತ ನಾ ಅನ್ನಲ್ಲ ಮತ್ತ. ಪುಸ್ತಕದ ಮ್ಯಾಲ ಇಟ್ಟಿದ್ದು ತಪ್ಪ. ಅಷ್ಟ ಅಂತೀನಿ.”

“ನಾನೂ ಅಷ್ಟೇ ಹೇಳಿದ್ದು.” ಲಾವಣ್ಯಾ ಸಂದೀಪನ ಕಡೆ ತಿರುಗಿದಳು. “ಒಳಗೆ ಬಿಟ್ಟವರು ಯಾರು ಅಂತ ಕೇಳಿದರೆ ನನ್ನ ಹೆಸರು ಹೇಳಿ. ದೊಡ್ಡದಾಗಿ ಹೇಳಿ. ಹಟೋ ಭಾಯ್, ಮಗು ಬಿಸಿಲಲ್ಲಿದೆ.”

ಸಂದೀಪ ಮಗುವನ್ನು ನೋಡಿದ, ಗೇಟು ನೋಡಿದ, ಆಮೇಲೆ ಬೀಡಿ ತರುವ ನೆಪ ಮಾಡಿ ಪಾನ್ ಅಂಗಡಿಯ ಕಡೆ ನಡೆದ.

ಒಳಗೆ ಹೆಂಗಸರು ನಲ್ಲಿಯ ಮುಂದೆ ಸಾಲಾಗಿ ನಿಂತು ಮೊಣಕೈವರೆಗೆ ಸೋಪು ಹಚ್ಚಿ ತೊಳೆದರು. “ಆಪರೇಶನ್ ಮಾಡ್ಲಕ ಹೊಂಟೀವೇನ್?” ಎಂದು ಮಹಾದೇವಿ ನಗಿಸಿದಳು. ಲಾವಣ್ಯಾ ಒಬ್ಬೊಬ್ಬರಿಗೂ ಒಣ ಟವೆಲು ಕೊಟ್ಟಳು. ಅಕ್ಕುವನ್ನು ಟೇಬಲ್ಲಿನ ಕೆಳಗೆ ಗುರುಬಾಯಿ ಹೊಲಿದಿಟ್ಟಿದ್ದ ಕೌದಿಯ ಮೇಲೆ ಮಲಗಿಸಿದ್ದಾಯಿತು. ಹಣೆ ಮುಟ್ಟಿ ನೋಡಿದ್ದೂ ಆಯಿತು, ಎರಡು ಸಲ. ಆಮೇಲೆ ಅವಳು ಕಪಾಟು ತೆರೆದು ದೊಡ್ಡ ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿ ತಂದು, ಗುರುಬಾಯಿಯ ಮುಂದೆಯೇ ಇಟ್ಟು, ಪಕ್ಕದಲ್ಲಿ ಕೂತಳು.

ಗುರುಬಾಯಿ ಕೈಗಳನ್ನು ಸೆರಗಿನೊಳಗೆ ಹುದುಗಿಸಿಕೊಂಡಳು. “ಬ್ಯಾಡ್ರಿ. ನೀವ ತಿರುವ್ರಿ, ನಾ ದೂರಿಂದ ನೋಡ್ತೀನಿ.”

“ಮ್ಯೂಸಿಯಂ ಅಲ್ಲ ಇದು, ಲೈಬ್ರರಿ. ನೀವೇ ತಿರುವಿ.”

ಆಗಲೇ ಬಾಗಿಲಲ್ಲಿ ಶಶಿಕಾಂತ ಸರ್ ಕಾಣಿಸಿಕೊಂಡದ್ದು. ಹೆಂಗಸರೆಲ್ಲ ಎದ್ದು ನಿಂತರು. ಲಾವಣ್ಯಾ ಏಳಲಿಲ್ಲ.

“ನಾನು ಪ್ರಿನ್ಸಿಪಾಲರಿಗೆ ಹೇಳಬೇಕಾಗುತ್ತದೆ, ಲಾವಣ್ಯಾ.”

“ಹೇಳಿ ಸರ್. ಸೋಮವಾರ ನಾನೂ ಬರುತ್ತೇನೆ, ನಡೆದದ್ದು ನಡೆದ ಹಾಗೆ ಹೇಳುತ್ತೇನೆ. ಮೆಮೋ ಇದ್ದರೆ ನಾಲ್ಕು ಹೊಡೆದ ಮೇಲೆ ಕೊಡಿ. ಅಲ್ಲಿಯವರೆಗೆ ಕ್ಲಾಸಿದೆ.”

ಸರ್ ಕಣ್ಣು ಪುಸ್ತಕದ ಮೇಲಿತ್ತು. ಅವರು ತಡೆಯಲಾರದೆ ಒಂದು ಹೆಜ್ಜೆ ಒಳಗಿಟ್ಟು, “ಕೈ ತೊಳೆದಿದ್ದಾರೆ ತಾನೇ?” ಎಂದರು.

“ತೊಳೆದಿದ್ದಾರೆ.” ಲಾವಣ್ಯಾ ಸರ್ ಕೈ ನೋಡಿದಳು. ಅಲ್ಲಿ ಕ್ಯಾಂಟೀನಿನ ಗ್ಲಾಸು, ಹಬೆಯಾಡುತ್ತಿತ್ತು. “ಚಹಾ ಹೊರಗಿಟ್ಟು ಬನ್ನಿ ಸರ್.”

ಅವರು ಗ್ಲಾಸು ನೋಡಿಕೊಂಡರು. ಆಮೇಲೆ ಹೊರಗಿನ ಕಿಟಕಿಯ ಕಟ್ಟೆಯ ಮೇಲೆ ಅದನ್ನಿಟ್ಟರು. ಒಳಗೆ ಬರಲಿಲ್ಲ, ಹೊರಟೂ ಹೋಗಲಿಲ್ಲ, ಹೊಸ್ತಿಲಲ್ಲೇ ನಿಂತರು.

“ಕುಂದರ್ರೇ ಎಲ್ಲಾರೂ,” ಎಂದಳು ಗುರುಬಾಯಿ. ಸೆರಗಿನಿಂದ ಕೈ ಹೊರತೆಗೆದು, ಅರಿಶಿನದ ಪುಟದ ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದು, ಮುಂದಿನ ಪುಟಕ್ಕೆ ತಿರುವಿದಳು.