ಹೆಸರು ಕೊಡದೆ ಹೋದ ನಮ್ಮ ಕಸ್ತೂರಕ್ಕ

ಇಲ್ಲ… ಇದು ಸುಳ್ಳಾಗಬಾರದೇ…
ಬೆಳಿಗ್ಗೆ ಒಂಬತ್ತಕ್ಕೆ ಆಸ್ಪತ್ರೆಯಿಂದ ಫೋನ್ ಬಂತು.
ನಮ್ಮ ಕಾಲೇಜಿನ ಲೈಬ್ರರಿಯನ್ ಕಸ್ತೂರಕ್ಕ ಹೋಗಿಬಿಟ್ಟರು.
ನಿನ್ನೆ ಸಂಜೆ ನನ್ನ ಕೈಯಿಂದಲೇ ಎರಡು ಚಮಚ ನೀರು ಕುಡಿದಿದ್ದರು…

ಎಡಗೈಗೆ ಪ್ಲಾಸ್ಟರ್ ಇದೆ. ಒಂದೇ ಕೈಯಲ್ಲಿ ಟೈಪ್ ಮಾಡುತ್ತಿದ್ದೇನೆ. ತಪ್ಪಿದ್ದರೆ ಕ್ಷಮಿಸಿ.

ವಾಟ್ಸಾಪ್ ಗ್ರೂಪುಗಳಲ್ಲಿ "ಲೈಬ್ರರಿ ಗಲಾಟೆಯಲ್ಲಿ ಮಹಿಳೆ ಸಾವು" ಎಂದು ಓಡಾಡುತ್ತಿದೆ.
ಗಲಾಟೆ ಅಲ್ಲ ಅದು.
ಕೊಲೆ.
ನಾನು ಅಲ್ಲೇ ಇದ್ದೆ. ಅದಕ್ಕೇ ಬರೆಯುತ್ತಿದ್ದೇನೆ.

ಕಸ್ತೂರಕ್ಕ ವಿಜಯಪುರದ ಕಡೆಯವರು. ಮದುವೆಯಾಗಿ ಇಲ್ಲಿ ಕುರ್ಲಾದ ಚಾಳಿನ ಒಂದು ಕೋಣೆಗೆ ಬಂದವರು.
ಪ್ರತಿ ಸೋಮವಾರ ಮಧ್ಯಾಹ್ನ, ಪಿಎಚ್‌ಡಿ ಮಾಡುವ ನಮಗೆಲ್ಲ ಒಂದು ಟ್ರೇನಿಂಗ್ ಕ್ಲಾಸ್ ನಡೆಸುತ್ತಿದ್ದರು. ಮಾಹಿತಿ ಹುಡುಕುವುದು ಹೇಗೆ, ನಂಬುವ ಮೊದಲು ಪರೀಕ್ಷಿಸುವುದು ಹೇಗೆ, ಜನ ಕೊಟ್ಟ ಡೇಟಾ ಕಾಪಾಡುವುದು ಹೇಗೆ…
ನಾವು ಹಿಂದಿನ ಬೆಂಚಿನಲ್ಲಿ ಕುಳಿತು ನಗುತ್ತಿದ್ದೆವು. ಪುಸ್ತಕ ಕೊಡುವವರು ನಮಗೇನು ರಿಸರ್ಚ್ ಕಲಿಸುತ್ತಾರೆ ಎಂದು.

ಒಮ್ಮೆ ನನ್ನ ಚಾಪ್ಟರ್ ಹಿಡಿದುಕೊಂಡು ಎಲ್ಲರೆದುರೇ ಕೇಳಿದರು.
"ವಿದ್ಯಾ, ಈ ಮೂರು ಪೇಪರ್ ಎಲ್ಲಿ ಓದೀಯವ್ವಾ?"
"ಆನ್‌ಲೈನ್ ಅಕ್ಕ…"
"ಇವು ಎಲ್ಲೂ ಇಲ್ಲ. ಕಂಪ್ಯೂಟರ್ ತಾನs ಹುಟ್ಟಿಸಿ ಕೊಟ್ಟೈತಿ, ನೀ ಹಂಗs ಅಂಟಿಸೀದಿ. ಬರದಾವ್ರು ಭೂಮಿ ಮ್ಯಾಲೆ ಹುಟ್ಟೇ ಇಲ್ಲ!"
ಮುಖಕ್ಕೆ ಹೊಡೆದಂತಾಗಿತ್ತು. ಆದರೂ ಮುಂದಿನ ಸೋಮವಾರ ಹೋದೆ. ಆಮೇಲೆ ಒಂದೂ ತಪ್ಪಿಸಲಿಲ್ಲ.

ನನ್ನ ವಿಷಯ, ಜೋಗೇಶ್ವರಿಯ ಸಣ್ಣ ಕಾರ್ಖಾನೆ ಯೂನಿಟ್‌ಗಳಲ್ಲಿ ತಗಡು ಒತ್ತುವ ಪ್ರೆಸ್ ಮಷೀನಿಗೆ ಬೆರಳು ಕಳೆದುಕೊಂಡ ಕೆಲಸಗಾರರು.
ಅವರು ಹೆದರಿ ಹೆದರಿ ಮಾತಾಡಿದ್ದರು. ಮಾಲೀಕರಿಗೆ ಗೊತ್ತಾದರೆ ಇದ್ದ ಕೆಲಸವೂ ಹೋಗುತ್ತದೆ.
"ಅವ್ರ ಮಾತು ಒಂದ್ ಕಡೆ ಇಡು, ಹೆಸರು ಇನ್ನೊಂದ್ ಕಡೆ. ಮಾತಿನ ಫೈಲಿಗೆ ಬರೇ ನಂಬರ್ ಹಾಕು" ಎಂದು ಕಸ್ತೂರಕ್ಕ ಪಕ್ಕದಲ್ಲಿ ಕುಳಿತು ಮಾಡಿಸಿದರು.
ಹೆಸರಿನ ಪಟ್ಟಿಯನ್ನು ನಾನೇ ಬೇರೆಡೆ ಇಟ್ಟೆ; ಎಲ್ಲಿ ಎಂದು ಅಕ್ಕನಿಗೂ ಗೊತ್ತಿರಲಿಲ್ಲ.

ಆದರೆ ಒಂದು ತಪ್ಪು ಮಾಡಿದೆ…
ಸೆಮಿನಾರಿನಲ್ಲಿ ಒಂದು ಫೋಟೋ ತೋರಿಸಿದೆ. ರಕ್ತ ಒಣಗಿದ ಪ್ರೆಸ್ ಮಷೀನು. ಹಿಂದಿನ ಗೋಡೆಯಲ್ಲಿ ಯೂನಿಟ್ಟಿನ ಬೋರ್ಡು ಅರ್ಧ ಕಾಣುತ್ತಿತ್ತು. ನಾನು ನೋಡಿರಲಿಲ್ಲ. ಯಾರೋ ಮೊಬೈಲಿನಲ್ಲಿ ತೆಗೆದುಕೊಂಡರು. ಅದು ಮಾಲೀಕನ ತನಕ ಹೋಯಿತು.

ಕಳೆದ ಗುರುವಾರ ಮಧ್ಯಾಹ್ನ ಲೈಬ್ರರಿಗೆ ಮೂವರು ನುಗ್ಗಿದರು. ಒಬ್ಬನ ಕೈಯಲ್ಲಿ ಕಬ್ಬಿಣದ ರಾಡ್.
"ವಿದ್ಯಾ ಮೇಡಂ ಕೌನ್ ಹೈ?"
ನಾನು ನಾಲ್ಕು ಹೆಜ್ಜೆ ಆಚೆ, ಓದುವ ಟೇಬಲಿನಲ್ಲಿದ್ದೆ.
ಕಸ್ತೂರಕ್ಕ ನನ್ನ ಕಡೆ ತಿರುಗಲೂ ಇಲ್ಲ. ವಿದ್ಯಾ ಇವತ್ತು ರಜೆ ಎಂದುಬಿಟ್ಟರು.
"ಆಜ್ ಛುಟ್ಟಿ ಪೇ ಹೈ. ಕ್ಯಾ ಕಾಮ್ ಹೈ?"
"ಹಮಾರೇ ಯೂನಿಟ್ ಸೇ ಕೌನ್ ಕೌನ್ ಬೋಲಾ? ಲಿಸ್ಟ್ ನಿಕಾಲ್!" ತಮ್ಮ ಯೂನಿಟ್ಟಿನಲ್ಲಿ ಮಾತಾಡಿದವರ ಪಟ್ಟಿ ಬೇಕಿತ್ತು ಅವರಿಗೆ.
"ಲಿಸ್ಟ್ ಮೇರೇ ಪಾಸ್ ಹೈ. ನಹೀ ದೂಂಗೀ."

ಪಟ್ಟಿ ಇದೆ, ಕೊಡುವುದಿಲ್ಲ ಎಂದ ಅಕ್ಕನ ಹತ್ತಿರ ಯಾವ ಪಟ್ಟಿಯೂ ಇರಲಿಲ್ಲ!

ಮೊದಲ ಏಟಿಗೆ ಕಂಪ್ಯೂಟರ್ ಒಡೆಯಿತು. ಗಾಜು ನನ್ನ ಕಾಲ ತನಕ ಸಿಡಿಯಿತು.
ಎರಡನೆಯದು ಅವರ ಭುಜಕ್ಕೆ. ಮೂಳೆ ಮುರಿದ ಸದ್ದು… ಈಗಲೂ ಕಿವಿಯಲ್ಲಿದೆ.
ಕೂದಲು ಹಿಡಿದು ಎಳೆದು ಕಪಾಟಿಗೆ ಅಪ್ಪಳಿಸಿದರು. ಕಪಾಟು ವಾಲಿ ಪುಸ್ತಕಗಳು ಅವರ ಮೈಮೇಲೆ ಬಿದ್ದವು. ಆ ಪುಸ್ತಕಗಳ ಮೇಲೆ ನಿಂತು ಒದ್ದರು.
"ನಾಮ್ ಬೋಲ್!"
ಬಾಯಿಂದ ರಕ್ತ ಬಂತು. ಹೆಸರು ಬರಲಿಲ್ಲ.

ನಾನು ಕುಳಿತೇ ಇದ್ದೆ.
ಹೌದು, ಕುಳಿತೇ ಇದ್ದೆ… ಓದುವ ಎಲ್ಲರೂ ಬೈಯಿರಿ ನನ್ನನ್ನು.
ರಾಡ್ ಅವರ ತಲೆಗೆ ಎತ್ತಿದಾಗ ಎದ್ದೆ. "ವಿದ್ಯಾ ನಾನೇ" ಎಂದು ಕಿರುಚಿ ಅವನ ಕೈಗೆ ಜೋತುಬಿದ್ದೆ. ನನ್ನ ಮಣಿಕಟ್ಟು ಮುರಿಯಿತು.
ಅಷ್ಟರಲ್ಲಿ ಅಕ್ಕನ ತಲೆಗೆ ಏಟು ಬಿದ್ದಾಗಿತ್ತು.
ಹುಡುಗರು ಓಡಿಬಂದರು. ಇಬ್ಬರನ್ನು ಗೇಟಿನಲ್ಲೇ ಹಿಡಿದರು. ರಾಡ್ ಹಿಡಿದವನು ತಪ್ಪಿಸಿಕೊಂಡ. ಇವತ್ತಿನವರೆಗೂ ಸಿಕ್ಕಿಲ್ಲ.

ಅಕ್ಕಾ…
ಆ ಸುಳ್ಳು ಯಾಕೆ ಹೇಳಿದಿರಿ?
ಸುಳ್ಳು ಮಾಹಿತಿ ಕಂಡರೆ ಉರಿದು ಬೀಳುತ್ತಿದ್ದವರು ನೀವು…
ನನ್ನ ಕಡೆ ಒಂದು ಬೆರಳು ತೋರಿಸಿದ್ದರೆ ಸಾಕಿತ್ತು. ಇವತ್ತು ನೀವೇ ನನ್ನ ಬಗ್ಗೆ ಪೋಸ್ಟ್ ಹಾಕುತ್ತಿದ್ದಿರಿ.

ನಿನ್ನೆ ನಿಮ್ಮ ಮಂಚದ ಪಕ್ಕ ಕುಳಿತು ಎಲ್ಲ ಒಪ್ಪಿಕೊಂಡೆ.
"ಆ ಫೋಟೋ ನಾನೇ ತೋರಿಸಿದ್ದು ಅಕ್ಕ…"
"ಗೊತ್ತೈತಿ. ಮುಂದಿನ ಸರ್ತೆ ಫೋಟೋದಾಗಿನ ಗ್ವಾಡಿ ಕತ್ತರಿಸಿ ತೋರ್ಸು."
ಆಮೇಲೆ ಕಣ್ಣು ಮುಚ್ಚಿಕೊಂಡೇ ಕೇಳಿದಿರಿ.
"ಪಟ್ಟಿ?"
"ಭದ್ರ ಐತ್ರಿ. ಅದು…"
"ಎಲ್ಲೈತಿ ಅಂತ ನನಗ ಹೇಳಬ್ಯಾಡ."
ನನ್ನೊಂದಿಗೆ ನೀವು ಆಡಿದ ಕೊನೆಯ ಮಾತು ಅದು.

ಇವತ್ತು ಆಸ್ಪತ್ರೆಯ ಬಾಗಿಲಲ್ಲಿ ಪೊಲೀಸರು ನನ್ನ ಹೇಳಿಕೆ ಬರೆದುಕೊಳ್ಳುತ್ತಿದ್ದರು. ಜೋಗೇಶ್ವರಿಯಿಂದ ಒಬ್ಬರು ಬಂದು ನಿಂತರು. ನನ್ನ ಪಟ್ಟಿಯಲ್ಲಿದ್ದವರೇ. ಬಲಗೈಯಲ್ಲಿ ಹೆಬ್ಬೆರಳು ಮಾತ್ರ ಉಳಿದಿದೆ.
"ಬರ್ಕೊಳ್ಳಾಕ ಹೇಳ್ರಿ ಮೇಡಂ, ಮಾತಾಡಿದಾಂವ ನಾನು."
"ಬ್ಯಾಡ್ರಿ, ನಿಮ್ಮ ಕೆಲಸ ಹೋಗ್ತದ…"
"ಅವ್ವ ನಮ್ಮ ಮಾರಿ ಸೈತ ನೋಡಿಲ್ಲ. ನಮ್ಮ ಸಲುವಾಗಿ ಹೊಡಸ್ಕೊಂಡು ಸತ್ತಾಳ. ಇನ್ನ ಯಾತರ ಕೆಲಸ್ರೀ?"
ಪೊಲೀಸರ ಮುಂದೆ ಹೋಗಿ ತಮ್ಮ ಹೆಸರು, ತಂದೆಯ ಹೆಸರು, ಊರು, ಮಾಲೀಕನ ಹೆಸರು… ಎಲ್ಲ ಗಟ್ಟಿಯಾಗಿ ಹೇಳಿದರು. ಹಿಂದೆಯೇ ಇನ್ನಿಬ್ಬರು ಬಂದು ನಿಂತರು.

ಪೋಸ್ಟ್‌ಮಾರ್ಟಂ ಮುಗಿಸಿ ಸಂಜೆ ಕುರ್ಲಾದ ಮನೆಗೆ ತರುತ್ತಾರೆ. ಆಸ್ಪತ್ರೆಯಿಂದ ದಹಿಸರ್‌ನ ನನ್ನ ಮನೆಗೆ ಬಂದವಳು ಈಗ ಮತ್ತೆ ಹೊರಟಿದ್ದೇನೆ. ಬರುವವರು ಬನ್ನಿ.

ಹೋಗಿ ಬರ್ರಿ ಕಸ್ತೂರಕ್ಕ…
ಆ ಒಡೆದ ಮೈಯ ನೋವೆಲ್ಲ ಇಲ್ಲೇ ಉಳಿಯಲಿ. ನಿಮ್ಮ ಜೀವ ತಣ್ಣಗಿರಲಿ.
🙏