ಅಕ್ಕನಿಗಾಗಿ ಇಳಿಸಿದ ತೂಕ

ಅಕ್ಕನ ಎರಡೂ ಕಿಡ್ನಿಗಳು ಕೈಕೊಟ್ಟಾಗ ಅವಳಿಗಿನ್ನೂ ನಲವತ್ತೆರಡು ವರ್ಷ. ಬಳ್ಳಾರಿ ರಸ್ತೆಯುದ್ದಕ್ಕೂ ಅಗೆದು ಏರ್‌ಪೋರ್ಟ್ ಕಡೆಗೆ ಮೇಲ್ಸೇತುವೆ ಕಟ್ಟುತ್ತಿದ್ದ ಕಾಲ ಅದು. ಬಹಳ ವರ್ಷಗಳ ಸಕ್ಕರೆ ಕಾಯಿಲೆ ಅವಳನ್ನು ಒಳಗೊಳಗೇ ತಿಂದುಹಾಕಿತ್ತು. ಅವಳ ಮನೆ ಗಂಗಾನಗರದಲ್ಲಿ, ನನ್ನದು ವಿದ್ಯಾರಣ್ಯಪುರದಲ್ಲಿ. ಡಯಾಲಿಸಿಸ್‌ಗೆ ಭಾವ ಕರೆದುಕೊಂಡು ಹೋಗುತ್ತಿದ್ದರು. ಅವರಿಗೆ ರಜೆ ಸಿಗದ ದಿನ ನಾನು ಹೋಗುತ್ತಿದ್ದೆ. ಮುಗಿಸಿಕೊಂಡು ಎದ್ದಾಗ ಅವಳ ಮುಖದಲ್ಲಿ ರಕ್ತವೇ ಇರುತ್ತಿರಲಿಲ್ಲ. ಆಟೋ ಹತ್ತುವಾಗ ನನ್ನ ಹೆಗಲ ಮೇಲೆ ಇಡೀ ಭಾರ ಬಿಡುತ್ತಿದ್ದಳು.

ಕಿಡ್ನಿ ಕೊಡಲು ಅಮ್ಮನಿಗೆ ವಯಸ್ಸಾಗಿತ್ತು. ಭಾವನ ರಕ್ತದ ಗುಂಪು ಹೊಂದಲಿಲ್ಲ. ಹೊಂದಿದ್ದು ನನ್ನದು. ಆದರೆ ಡಾಕ್ಟರು ನನ್ನ ರಿಪೋರ್ಟುಗಳನ್ನೆಲ್ಲ ನೋಡಿ, "ನಿಮ್ಮ ತೂಕ ಜಾಸ್ತಿ ಆಯ್ತಮ್ಮಾ. ಹಿಂಗೇ ಆಪರೇಷನ್ ಮಾಡಿದ್ರೆ ನಾಳೆ ನಿಮಗೇ ತೊಂದ್ರೆ. ಇಳಿಸ್ಕೊಂಡು ಬನ್ನಿ, ಮಾಡೋಣ" ಎಂದರು.

ಆಗ ನಾನು ಎಂಬತ್ತೊಂಬತ್ತು ಕೆಜಿ ಇದ್ದೆ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದೆ. ಬೆಳಗ್ಗೆ ಮೆಷಿನ್ ಮುಂದೆ ಕೂತರೆ ಊಟಕ್ಕಷ್ಟೇ ಏಳುತ್ತಿದ್ದವಳು. ಡಾಕ್ಟರ ರೂಮಿನ ಹೊರಗೆ ಬೆಂಚಿನ ಮೇಲೆ ಅಕ್ಕ ಕಾಯುತ್ತಿದ್ದಳು.

"ಏನಂದ್ರು?"

"ದಪ್ಪ ಇದೀನಂತೆ."

"ಅದನ್ನ ಹೇಳಕ್ಕೆ ಡಾಕ್ಟ್ರೇ ಬೇಕಿತ್ತಾ?" ಎಂದು ಅವಳು ನಕ್ಕಳು. ನಾನೂ ನಕ್ಕೆ. ಬಸ್ಸಿನಲ್ಲಿ ಒಬ್ಬಳೇ ಮನೆಗೆ ಬರುವಾಗ ಮಾತ್ರ ಎಷ್ಟು ಕೆಜಿ, ಎಷ್ಟು ತಿಂಗಳು ಎಂದು ಬೆರಳು ಮಡಿಸಿ ಎಣಿಸಿದೆ.

ಮರುದಿನದಿಂದಲೇ ಅನ್ನ ಬಿಟ್ಟೆ. ರಾಗಿ, ಸೊಪ್ಪು, ಮಜ್ಜಿಗೆ. ಬೆಳಗ್ಗೆ, ಸಂಜೆ ಲೇಔಟಿನ ರಸ್ತೆಗಳನ್ನು ಸುತ್ತುತ್ತಿದ್ದೆ. ನನ್ನ ರವಿಕೆಗಳನ್ನು ನಾನೇ ಬಿಚ್ಚಿ ಬಿಗಿ ಮಾಡಿಕೊಳ್ಳಬೇಕಾದಾಗ ಹಬ್ಬದಷ್ಟು ಸಂತೋಷವಾಗಿತ್ತು. ಮಳೆಗಾಲ ಶುರುವಾಯಿತು. ಒಂದು ಸಂಜೆ ಫುಟ್‌ಪಾತಿನ ಕಲ್ಲು ಚಪ್ಪಡಿ ಕಾಲ ಕೆಳಗೇ ಮಗುಚಿಕೊಂಡು ಪಾದ ಚರಂಡಿಗೆ ಇಳಿಯಿತು. ಹಿಮ್ಮಡಿಯ ಮೇಲಿನ ಮೂಳೆ ಮುರಿದಿತ್ತು.

ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದೆ. ಅಮ್ಮ ಬಂದು ಉಳಿದುಕೊಂಡಳು. "ಮೂಳೆ ಕೂಡ್ಬೇಕು, ತಿನ್ನು" ಎಂದು ತುಪ್ಪ ಹಾಕಿ ಬಡಿಸಿದಳು. ಅಮ್ಮನನ್ನು ದೂರುವುದಿಲ್ಲ. ನಾನು ಹಸಿವಿಗೆ ತಿನ್ನಲಿಲ್ಲ, ಸಂಕಟಕ್ಕೆ ತಿಂದೆ. ಪ್ಲಾಸ್ಟರ್ ಬಿಚ್ಚುವ ಹೊತ್ತಿಗೆ ಇಳಿದದ್ದೆಲ್ಲ ವಾಪಸ್ ಬಂದಿತ್ತು.

ಅಕ್ಕ ನೋಡಲು ಬಂದಳು. ನಮ್ಮ ಮನೆಯ ಮೆಟ್ಟಿಲು ಹತ್ತುವುದಕ್ಕೆ ಅವಳಿಗೆ ಎಷ್ಟೋ ಹೊತ್ತು ಹಿಡಿಯಿತು. ಮಂಚದ ತುದಿಯಲ್ಲಿ ಕೂತು ಸುಧಾರಿಸಿಕೊಂಡಳು.

"ನಿನ್ನಿಂದ ಲೇಟಾಗ್ತಿದೆ ಅಂತ ನಾನು ಅನ್ಕೊಂಡಿಲ್ಲ ಕಣೇ. ನೀನೂ ಅನ್ಕೋಬೇಡ."

"ಮತ್ತೆ ಮೊದಲಿಂದ ಶುರು ಮಾಡ್ಬೇಕಲ್ಲಕ್ಕಾ."

"ಮಾಡು. ನನಗೂ ಪ್ರತಿ ಸಲ ಮೊದಲಿಂದಾನೇ. ಇವತ್ತು ಡಯಾಲಿಸಿಸ್ನಲ್ಲಿ ತೆಗೆದ ನೀರು ನಾಡಿದ್ದಕ್ಕೆ ಮೈಯಲ್ಲಿ ಮತ್ತೆ ತುಂಬ್ಕೊಂಡಿರುತ್ತೆ."

ಮತ್ತೆ ಶುರು ಮಾಡಿದೆ. ಕುಂಟಿಕೊಂಡು ಮೊದಲು ಮನೆಯ ಮುಂದಿನ ರಸ್ತೆ, ಆಮೇಲೆ ಪಕ್ಕದ ರಸ್ತೆ. ಕಾಲು ಊದಿದ ದಿನ ನಡೆಯಲಾಗುತ್ತಿರಲಿಲ್ಲ. ಆ ದಿನ ಊಟದಲ್ಲಿ ಇನ್ನಷ್ಟು ಹಿಡಿತ ಮಾಡುತ್ತಿದ್ದೆ. ವರ್ಷದ ಹತ್ತಿರ ಹಿಡಿಯಿತು. ಕೊನೆಗೂ ಡಾಕ್ಟರು ತೂಕ ನೋಡಿ ತಲೆಯಾಡಿಸಿದರು. ಟೆಸ್ಟುಗಳನ್ನು ಹೊಸದಾಗಿ ಮಾಡಿಸಿ ಎಂದರು.

ಟೆಸ್ಟಿಗೆ ರಕ್ತ ಕೊಟ್ಟು ಬಂದ ವಾರದಲ್ಲೇ ಅಕ್ಕನಿಗೆ ಚಳಿಜ್ವರ ಬಂತು. ಡಯಾಲಿಸಿಸ್‌ಗೆಂದು ಕುತ್ತಿಗೆಯ ಹತ್ತಿರ ಹಾಕಿದ್ದ ಟ್ಯೂಬಿನಿಂದ ಸೋಂಕು ರಕ್ತಕ್ಕೆ ಹರಡಿತ್ತು. ಐಸಿಯುಗೆ ಸೇರಿಸಿದರು. ಗಾಜಿನಾಚೆಯಿಂದ ನೋಡಿದ್ದೇ ಕೊನೆ. ಅವಳಿಗೆ ಪ್ರಜ್ಞೆ ಇರಲಿಲ್ಲ.

ವೈಕುಂಠ ಸಮಾರಾಧನೆಯ ದಿನ ಎಲೆಯ ಮುಂದೆ ಕೂತಿದ್ದಾಗ ಪಕ್ಕದಲ್ಲಿದ್ದ ದೂರದ ನೆಂಟರ ಹೆಂಗಸು ನನ್ನ ತೋಳು ಮುಟ್ಟಿ, "ಎಷ್ಟು ಸಣ್ಣ ಆಗಿದೀಯೇ! ಏನ್ ಮಾಡ್ದೆ, ನಮಗೂ ಹೇಳು" ಎಂದಳು. ಎದ್ದು ಹೋಗಲು ಪಂಕ್ತಿಯ ಮಧ್ಯದಲ್ಲಿ ಆಗಲಿಲ್ಲ. ಎಲೆಗೆ ಬಡಿಸಿದ ಹೋಳಿಗೆಯನ್ನೆಲ್ಲ ತಲೆ ಬಗ್ಗಿಸಿಕೊಂಡು ತಿಂದೆ.

ಆಮೇಲೆ ತಿನ್ನುವುದನ್ನು ನಿಲ್ಲಿಸಲಿಲ್ಲ. ಬೇಕರಿಯ ಖಾರಾ ಬನ್ನು, ದಿಲ್‌ಪಸಂದು, ರಾತ್ರಿ ಉಳಿದ ಅನ್ನ. ಈ ಮೈಯನ್ನು ಯಾರಿಗಾಗಿ ಇಳಿಸಬೇಕು? ಎರಡು ವರ್ಷದಲ್ಲಿ ಮೊದಲಿಗಿಂತಲೂ ಹೆಚ್ಚಾದೆ. ಗಂಡ ಒಂದೆರಡು ಸಲ ಹೇಳಿ ನೋಡಿದರು. ಆಮೇಲೆ ಹೇಳುವುದನ್ನು ಬಿಟ್ಟರು.

ಆಮೇಲೆ ಚಪ್ಪಲಿ ಕಚ್ಚಿ ಕಾಲಿಗೆ ಗಾಯವಾಯಿತು. ಎಷ್ಟು ದಿನವಾದರೂ ಮಾಯಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ. ಅಮ್ಮನಿಗೆ ಹೇಳಬಾರದೆಂದಿದ್ದೆ. ಆದರೆ ಅವಳು ಬಂದಿದ್ದಾಗ ಮಾತ್ರೆಯ ಸ್ಟ್ರಿಪ್ಪು ಕಣ್ಣಿಗೆ ಬಿತ್ತು.

"ಇದು ನಿಮ್ಮಕ್ಕ ತಗೊಳ್ತಿದ್ದ ಮಾತ್ರೆ ಅಲ್ವಾ?" ಎಂದಳು. ಅವಳು ಕೆಳಗೆ ಕೂತು ನನ್ನ ಪಾದವನ್ನು ತೊಡೆಯ ಮೇಲೆ ಎಳೆದುಕೊಂಡು ಗಾಯ ನೋಡಿದಳು. "ಅವಳಿಗೂ ಹಿಂಗೇ ಆಗಿತ್ತು. ನಾನು ಅರಿಶಿನ ಹಚ್ಚಿ, ಹೋಗುತ್ತೆ ಬಿಡು ಅಂದಿದ್ದೆ."

ನಾನು ಅತ್ತದ್ದು ಅವತ್ತು. ಅಕ್ಕ ಹೋದಾಗಲೂ ಹಾಗೆ ಅತ್ತಿರಲಿಲ್ಲ. ಅಮ್ಮ ಸಮಾಧಾನ ಮಾಡಲಿಲ್ಲ. ಅತ್ತು ಮುಗಿಯುವವರೆಗೂ ಪಾದ ಹಿಡಿದುಕೊಂಡೇ ಇದ್ದು, "ಏಳು, ನಡಿ" ಎಂದಳು.

"ಗಾಯ ಇದೆಯಲ್ಲಮ್ಮಾ."

"ವಾಸಿ ಆದ್ಮೇಲೆ ನಡಿ. ನಾನು ಇಲ್ಲೇ ಇರ್ತೀನಿ."

ಅವಳು ಉಳಿದುಬಿಟ್ಟಳು. ಗಾಯ ಮಾಯಲು ತಿಂಗಳುಗಳೇ ಬೇಕಾದವು. ಈ ಸಲ ನಡಿಗೆ ಮೊದಲಿನಂತೆ ಆಗಲಿಲ್ಲ. ಹಿಂದಿನ ಎರಡು ಸಲವೂ ಆಸ್ಪತ್ರೆಯ ದಾರಿ ಕಣ್ಣ ಮುಂದಿತ್ತು. ಈಗ ಬರೀ ನಾನು, ಬಿಸಿಲು, ರಸ್ತೆ. ವಾರಗಟ್ಟಲೆ ಬಿಟ್ಟೆ, ಮತ್ತೆ ಹಿಡಿದೆ, ಮತ್ತೆ ಬಿಟ್ಟೆ. ಅಕ್ಕನಿಗಾಗಿ ಇಳಿಸಿದಷ್ಟು ಇಳಿಸಲು ನನ್ನಿಂದ ಆಗಲೇ ಇಲ್ಲ. ಒಂದಷ್ಟು ಇಳಿದು ಅಲ್ಲೇ ನಿಂತಿದೆ. ಸಕ್ಕರೆ ಹತೋಟಿಯಲ್ಲಿದೆ, ಕಿಡ್ನಿಗೆ ಏನೂ ಆಗಿಲ್ಲ ಎಂದು ಡಾಕ್ಟರು ಹೇಳುತ್ತಾರೆ. ಅಮ್ಮನಿಗೆ ಈಗ ಮಂಡಿನೋವು. ಮೂಲೆಯ ಬಸ್ ಸ್ಟಾಪಿನವರೆಗೆ ನನ್ನ ಜೊತೆ ಬಂದು ಕಲ್ಲುಬೆಂಚಿನ ಮೇಲೆ ಕೂರುತ್ತಾಳೆ. ನಾನು ಒಂದು ಸುತ್ತು ಮುಗಿಸಿ ಬರುವಷ್ಟರಲ್ಲಿ ಬಸ್ಸಿಗೆ ಕಾಯುವ ಯಾರಾದರೂ ಹೆಂಗಸಿನ ಜೊತೆ ಮಾತಿಗಿಳಿದಿರುತ್ತಾಳೆ. "ಮಕ್ಕಳೆಷ್ಟು?" ಎಂದು ಯಾರೋ ಕೇಳಿದ್ದು ಒಂದು ದಿನ ನನ್ನ ಕಿವಿಗೂ ಬಿತ್ತು. "ಇಬ್ಬರು ಹೆಣ್ಮಕ್ಕಳು" ಎಂದಳು ಅಮ್ಮ.