ತಕ್ಕಡಿ ಸಾಹೇಬರು ಪಾಸು ಮಾಡಿದ ಓವನ್

ಮೂವತ್ತನಾಲ್ಕು ವರ್ಷ ಅಂಗಡಿಯಿಂದ ಅಂಗಡಿಗೆ ತಿರುಗಿ, ತಕ್ಕಡಿ, ತೂಕದ ಕಲ್ಲು, ಎಣ್ಣೆ ಅಳೆಯುವ ಲೀಟರುಗಳನ್ನು ಪರೀಕ್ಷಿಸಿ ಮುದ್ರೆ ಒತ್ತಿದ ಮನುಷ್ಯ ನಿವೃತ್ತನಾದ ಮಾತ್ರಕ್ಕೆ ಕೈಕಟ್ಟಿ ಕೂರುತ್ತಾನೆಯೇ? ತೂಕ ಮತ್ತು ಅಳತೆಯ ಇಲಾಖೆ ಅವರ ಕೈಗೊಂದು ಗಡಿಯಾರ ಕಟ್ಟಿ ಮನೆಗೆ ಕಳಿಸಿತು. ಅವರು ಇಲಾಖೆಯನ್ನೂ ಜೊತೆಗೇ ಕರೆದುಕೊಂಡು ಬಂದರು. ಬೀದಿಯವರು ಎದುರಿಗೆ ‘ಸಾಹೇಬರು’ ಎನ್ನುತ್ತಿದ್ದರು, ಬೆನ್ನ ಹಿಂದೆ ‘ತಕ್ಕಡಿ’. ಕೂದಲೆಳೆಯಷ್ಟು ತೂಕ ಕಮ್ಮಿಯಾದರೂ ಅಂಗಡಿಯವನ ಬೆವರಿಳಿಸಿದವರು ಅವರು. ‘ಅಂದಾಜು ಅನ್ನೋದೇ ಕಳ್ಳತನದ ಮೊದಲ ಮೆಟ್ಟಿಲು’ ಎಂದು ತಮ್ಮ ಕೈಕೆಳಗಿನವರಿಗೆ ಪಾಠ ಹೇಳುತ್ತಿದ್ದರು.

ಇಂಥವರ ಮನೆಯಲ್ಲಿ ವಿಶೇಷ ರಿಯಾಯಿತಿ ಪಡೆದು ಬದುಕಿದ ಒಂದೇ ಒಂದು ವಸ್ತುವೆಂದರೆ ಅಡುಗೆಮನೆಯ ಮೈಕ್ರೋವೇವ್ ಓವನ್. ಕಟ್ಟೆಯ ಮೇಲಿಡುವಂಥದ್ದಲ್ಲ, ಒಲೆಯ ಮೇಲೆ ಗೋಡೆಗೆ ನೇತುಹಾಕುವಂಥದ್ದು. ಒಳಗೆ ಅಡುಗೆ ಬಿಸಿ ಮಾಡುತ್ತದೆ, ಹೊಟ್ಟೆಯ ಕೆಳಗಿನ ಫ್ಯಾನಿನಿಂದ ಒಲೆಯ ಹೊಗೆ ಹೀರುತ್ತದೆ. ಹನ್ನೊಂದು ವರ್ಷದ ಹಿಂದೆ ಅಡುಗೆಮನೆ ಹೊಸದಾಗಿ ಕಟ್ಟಿಸಿದಾಗ, ಒಂದು ಸಾಮಾನಿಂದ ಎರಡು ಕೆಲಸ ಎಂದು ಸಾಹೇಬರೇ ಆರಿಸಿ ತಂದಿದ್ದರು. ಕೂರಿಸುವ ದಿನ ರಜೆ ಹಾಕಿ, ಬಡಗಿಯ ತಲೆಯ ಮೇಲೆ ನಿಂತು, ಒಲೆಯಿಂದ ಎಷ್ಟು ಎತ್ತರ ಎಂದು ಪುಸ್ತಕದಲ್ಲಿತ್ತೋ ಅಷ್ಟಕ್ಕೇ ಗೆರೆ ಎಳೆಸಿದ್ದರು. ಆ ಎತ್ತರ ಸಾಹೇಬರ ಕುತ್ತಿಗೆಯ ಮಟ್ಟಕ್ಕೆ ಬಂತು. ಅವರ ಹೆಂಡತಿಯ ನೆತ್ತಿಗಿಂತ ಎರಡು ಬೆರಳು ಮೇಲೆ ಹೋಯಿತು. ‘ಅಳತೆ ಸರಿಯಾಗಿದೆ’ ಎಂದರು ಸಾಹೇಬರು. ಹೆಂಡತಿ ಮರುದಿನ ಬಚ್ಚಲಿನಿಂದ ಒಂದು ಮಣೆ ತಂದು ಒಲೆಯ ಮುಂದೆ ಹಾಕಿಕೊಂಡರು.

ಓವನ್ನಿನ ಆರೈಕೆಗೆ ಸಾಹೇಬರು ನಿಯಮಾವಳಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ಕೆಳಗಿನ ಜಿಡ್ಡಿನ ಜಾಲರಿಯನ್ನು ತಿಂಗಳಿಗೊಮ್ಮೆ ಬಿಸಿನೀರು, ಸೋಪಿನಲ್ಲಿ ನೆನೆಸಿ ತೊಳೆಯುವುದು. ಒಳಗೆ ಸಿಡಿದದ್ದನ್ನು ಅಂದಂದೇ ಒರೆಸುವುದು. ಇದ್ದಿಲಿನ ಫಿಲ್ಟರನ್ನು ತೊಳೆಯದೆ, ಕಾಲಕಾಲಕ್ಕೆ ಬದಲಾಯಿಸುವುದು. ನಿಯಮ ಬರೆದ ಕೈ ಅವರದು; ತೊಳೆದ, ಒರೆಸಿದ, ಬದಲಾಯಿಸಿದ ಕೈ ಯಾರದೆಂದು ಬೇರೆ ಹೇಳಬೇಕೇ? ತೊಳೆದ ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಿ ‘ಪರವಾಗಿಲ್ಲ’ ಎನ್ನುವ ಅತಿ ಕಷ್ಟದ ಭಾಗವನ್ನು ಮಾತ್ರ ಸಾಹೇಬರು ತಾವೇ ಇಟ್ಟುಕೊಂಡಿದ್ದರು.

ವರ್ಷಕ್ಕೊಮ್ಮೆ ಪರೀಕ್ಷೆ. ಒಂದು ಬಟ್ಟಲು ನೀರು, ಎರಡು ನಿಮಿಷ, ಆಮೇಲೆ ಥರ್ಮಾಮೀಟರ್. ಮೊದಲ ವರ್ಷ ನೀರು ಎರಡೇ ನಿಮಿಷಕ್ಕೆ ಕುದಿಯಿತು. ಏಳನೇ ವರ್ಷ ಎರಡೂವರೆ ನಿಮಿಷ ಬೇಕಾಯಿತು. ಒಂಬತ್ತನೇ ವರ್ಷ ಮೂರು, ಹನ್ನೊಂದನೇ ವರ್ಷ ನಾಲ್ಕು. ಯಾವನಾದರೂ ಅಂಗಡಿಯವನು ಹೀಗೆ ವರ್ಷ ವರ್ಷಕ್ಕೆ ಕಲ್ಲು ಸವೆಸಿದ್ದರೆ ಅವನ ಅಂಗಡಿಗೆ ಬೀಗ ಬೀಳುತ್ತಿತ್ತು. ಇಲ್ಲಿ ಮಾತ್ರ ಸಾಹೇಬರ ನ್ಯಾಯ ಬೇರೆ: ‘ನೀರು ಕುದೀತೋ ಇಲ್ವೋ? ಕುದೀತು. ಪಾಸ್.’

ಅಷ್ಟರಲ್ಲಿ ಒಳಗಿನ ದೀಪ ಹೋಗಿತ್ತು. ‘ಅಡುಗೆ ಏನು ಪುಸ್ತಕ ಓದುತ್ತಾ?’ ಎಂದರು ಸಾಹೇಬರು. ಮೂರನೇ ನಂಬರಿನ ಬಟನ್ ಸತ್ತಿತು. ‘ಎರಡು ನಿಮಿಷ ಒಂದ್ಸಲ, ಒಂದು ನಿಮಿಷ ಒಂದ್ಸಲ ಇಡು’ ಎಂದರು. ಗಾಜಿನ ತಟ್ಟೆ ತಿರುಗುವುದನ್ನು ನಿಲ್ಲಿಸಿತು. ‘ಮಧ್ಯದಲ್ಲಿ ಬಾಗಿಲು ತೆಗೆದು ಬಟ್ಟಲು ತಿರುಗಿಸು, ಅದಕ್ಕೂ ವಯಸ್ಸಾಯ್ತು’ ಎಂದರು. ಕೊನೆಗೆ ಬಾಗಿಲು ಕೂಡ ಹಟ ಹಿಡಿಯಿತು. ಹಾಕಲು ಭುಜ ಕೊಟ್ಟು ತಳ್ಳಬೇಕು, ತೆಗೆಯಲು ಜಗ್ಗಬೇಕು. ಮಣೆಯ ಮೇಲೆ ನಿಂತವರಿಗೆ ತಳ್ಳುವುದೂ ಜಗ್ಗುವುದೂ ಎಂಥ ಸರ್ಕಸ್ ಎಂಬುದು ನಿಯಮಾವಳಿಯಲ್ಲಿರಲಿಲ್ಲ.

‘ಅಪ್ಪಾ, ಇದನ್ನ ಬಿಟ್ಟು ಬಿಡಿ. ಇದರ ಕಾಲ ಮುಗೀತು,’ ಎಂದಳು ಒಮ್ಮೆ ಬಂದಿದ್ದ ಮಗಳು.

‘ಕಾಲ ಮುಗೀತು ಅಂತ ಹೇಳೋಕೆ ನೀನ್ಯಾರು? ಪರೀಕ್ಷೆ ಮಾಡಿದ್ದೀಯಾ? ಆಧಾರ ಕೊಡು.’

ಮಗಳು ಅಮ್ಮನ ಮುಖ ನೋಡಿದಳು. ಅಮ್ಮ ಹೇಳಿದರು: ‘ಬಿಡೇ, ಅವರಿಬ್ಬರ ಮಧ್ಯ ನಾವ್ಯಾಕೆ?’

ಹೀಗಿರುವಾಗ ಸಾಹೇಬರ ನಾದಿನಿಗೆ ಕಣ್ಣಿನ ಆಪರೇಷನ್ ಆಯಿತು. ತಂಗಿಯನ್ನು ನೋಡಿಕೊಳ್ಳಲು ಹೆಂಡತಿ ಹತ್ತು ದಿನಕ್ಕೆ ಹೊರಟರು. ಹೋಗುವ ಮುಂಚೆ ಡಬ್ಬಿಗಳಲ್ಲಿ ಬೇಯಿಸಿದ್ದನ್ನು ತುಂಬಿ ಫ್ರಿಜ್ಜಿನಲ್ಲಿಟ್ಟು, ‘ಬಿಸಿ ಮಾಡ್ಕೊಂಡು ತಿನ್ನಿ, ಅಷ್ಟೇ,’ ಎಂದರು.

‘ಅದೇನು ಮಹಾ,’ ಎಂದರು ಸಾಹೇಬರು.

ಮೊದಲ ದಿನ ಅನ್ನ ಒಂದು ಕಡೆ ಕಲ್ಲಾಗಿ, ಇನ್ನೊಂದು ಕಡೆ ಮಂಜುಗಡ್ಡೆಯಾಗಿ ಬಂತು. ಎರಡನೇ ದಿನ ಬೇಳೆ ಪಟಪಟ ಸಿಡಿದು ಒಳಗೋಡೆಯ ತುಂಬ ಅಂಟಿತು. ಒರೆಸಬೇಕೆಂದು ನಿಯಮವಿತ್ತು, ನಿಜ. ಆದರೆ ನಿಯಮ ಬರೆದವರೇ ಪಾಲಿಸಬೇಕೆಂದು ಎಲ್ಲಿ ಬರೆದಿತ್ತು? ಮೂರನೇ ದಿನವೂ ಸಿಡಿಯಿತು, ನಾಲ್ಕನೇ ದಿನವೂ. ಐದನೇ ದಿನ ಒಲೆಯ ಕಡೆ ಬಗ್ಗಿದಾಗ ಜಾಲರಿಯಿಂದ ಒಂದು ಹನಿ ಜಿಡ್ಡು ಅವರ ಕನ್ನಡಕದ ಮೇಲೇ ಬಿತ್ತು. ಸಾಹೇಬರು ಕನ್ನಡಕ ಒರೆಸಿಕೊಂಡು, ಜಾಲರಿಯನ್ನು ಒರೆಸದೆ ಬಂದರು.

ಆರನೇ ದಿನ ಬೆಳಿಗ್ಗೆ ಹಾಲು ಕಾಯಿಸಲಿಟ್ಟರು. ಒಳಗೆ ಚಟಚಟ ಎಂದು ನೀಲಿ ಕಿಡಿ ಹಾರಿತು. ಗಾಬರಿಯಿಂದ ಬಾಗಿಲು ಜಗ್ಗಿದರು, ಬರಲಿಲ್ಲ. ಇನ್ನೊಮ್ಮೆ ಜಗ್ಗಿದಾಗ ಧಡಾರನೆ ತೆರೆಯಿತು. ಹಾಲನ್ನು ಉಳಿಸೋಣ ಎಂದು ಬಟ್ಟಲಿಗೆ ಕೈ ಹಾಕಿದರು. ತಟ್ಟೆ ತಿರುಗದ ಕಾರಣ ಬಟ್ಟಲಿನ ಒಂದು ಕಿವಿ ತಣ್ಣಗೆ, ಇನ್ನೊಂದು ಕೆಂಡ. ಬೆರಳು ಸುಟ್ಟು ಕೈ ಓಲಿತು. ಹಾಲು ಮಣಿಕಟ್ಟಿನಿಂದ ಮೊಣಕೈವರೆಗೆ ಹರಿಯಿತು.

ಕೈಯನ್ನು ನಲ್ಲಿಯ ಕೆಳಗೆ ಹಿಡಿದು ಎಷ್ಟೋ ಹೊತ್ತು ನಿಂತರು. ಆಮೇಲೆ ಮುಲಾಮು ಹುಡುಕಲು ಶುರುಮಾಡಿದರು. ಔಷಧಿಗಳೆಲ್ಲ ಮಲಗುವ ಕೋಣೆಯ ಬೀರುವಿನಲ್ಲಿರುವುದು ಅವರಿಗೆ ಗೊತ್ತಿತ್ತು, ಮುಲಾಮು ಮಾತ್ರ ಅಲ್ಲಿ ಇರಲಿಲ್ಲ. ಸುಟ್ಟ ಗಾಯದ ಮುಲಾಮು ಸಿಕ್ಕಿದ್ದು ಒಲೆಯ ಪಕ್ಕದ ಡ್ರಾಯರಿನಲ್ಲಿ, ಸೌಟು ಇಕ್ಕಳಗಳ ನಡುವೆ, ಕೈಗೆಟುಕುವ ಹಾಗೆ. ಟ್ಯೂಬನ್ನು ಬಾಲದಿಂದ ಒತ್ತಿ ಒತ್ತಿ ಸುರುಳಿ ಸುತ್ತಿಟ್ಟಿತ್ತು. ಕೊನೆಯ ಕಾಳಿನಷ್ಟು ಉಳಿದಿತ್ತು.

ಸಾಹೇಬರು ಅದನ್ನು ಹಚ್ಚಿಕೊಳ್ಳುವುದನ್ನು ಮರೆತು ಟ್ಯೂಬನ್ನೇ ನೋಡುತ್ತ ಕೂತರು. ಇದನ್ನು ಯಾವಾಗ ತಂದದ್ದು? ಇಷ್ಟು ಖಾಲಿಯಾಗಬೇಕಾದರೆ ಎಷ್ಟು ಸಲ? ಜೀವಮಾನವಿಡೀ ಕಮ್ಮಿಯಾದದ್ದನ್ನು ಪತ್ತೆ ಹಚ್ಚಿದ ಮನುಷ್ಯನಿಗೆ ತಮ್ಮದೇ ಮನೆಯಲ್ಲಿ ಕಮ್ಮಿಯಾಗುತ್ತ ಬಂದ ಟ್ಯೂಬ್ ಕಂಡಿರಲಿಲ್ಲ.

ಮಧ್ಯಾಹ್ನ, ಸಾಹೇಬರು ಫೋನ್ ಮಾಡಿ ಕರೆಸಿದ್ದ ಓವನ್ ರಿಪೇರಿಯವಳು ಬಂದಳು. ನಲವತ್ತರ ಆಸುಪಾಸಿನ, ಮಾತಿಗಿಂತ ಕೈ ಮುಂದೆ ಇರುವ ಹೆಂಗಸು. ಮೊದಲು ಪ್ಲಗ್ ಕಿತ್ತಳು. ಟಾರ್ಚ್ ಹಿಡಿದು ಒಳಗೆ ನೋಡಿದಳು.

‘ಒಳಗೋಡೆಗೆ ಹಾಕಿರೋ ಈ ಮೈಕಾ ಹಾಳೆ ನೋಡಿ ಸರ್, ಕಪ್ಪಗೆ ತೂತಾಗಿದೆ. ಸಿಡಿದದ್ದು ಒರೆಸದೆ ಬಿಟ್ರೆ ಅಲ್ಲೇ ಸುಟ್ಟು ಕಿಡಿ ಬರುತ್ತೆ. ನಾಲ್ಕೈದು ದಿನದಿಂದ ಯಾರೂ ಒರೆಸಿಲ್ಲ ಅನ್ಸುತ್ತೆ.’

ಸಾಹೇಬರು ಕಿಟಕಿಯ ಕಡೆ ನೋಡಿದರು.

ಅವಳು ಜಾಲರಿ ಬಿಚ್ಚಿ ಬೆಳಕಿಗೆ ಹಿಡಿದಳು. ‘ಮೇಲಿನದು ಹೊಸ ಜಿಡ್ಡು, ಅಷ್ಟೇ. ಒಂದು ಕಣ್ಣೂ ಕಟ್ಟಿಲ್ಲ. ಇದನ್ನ ತೊಳೀತಿದ್ದವರಿಗೆ ಕೈ ಮುಗೀಬೇಕು ಸರ್. ಕೆಳಗಿಂದ ಬೆಂಕಿ, ಹಬೆ, ಜಿಡ್ಡು. ಒಲೆ ಮೇಲಿನ ಓವನ್ ಒಂಬತ್ತು ಹತ್ತು ವರ್ಷ ಬಾಳಿದ್ರೆ ಹೆಚ್ಚು. ಇದು ಹನ್ನೊಂದು ಬಂದಿದೆ ಅಂದ್ರೆ ಆ ಕೈಯಿಂದ.’

‘ಅದು ನಾನು ಮಾಡಿದ ನಿಯ...’ ಎಂದು ಶುರುಮಾಡಿದ ಸಾಹೇಬರು ಉಳಿದದ್ದನ್ನು ನುಂಗಿದರು. ‘ಮೈಕಾ ಹಾಳೆ ಬದಲಾಯಿಸಿದ್ರೆ ಆಯ್ತಲ್ಲ? ನೀರು ಇನ್ನೂ ಕುದಿಯುತ್ತೆ. ನಾನು ಪರೀಕ್ಷೆ ಮಾಡಿದ್ದೀನಿ.’

‘ಹಾಳೆ ಬದಲಾಯಿಸಬಹುದು, ತಟ್ಟೆ ಮೋಟಾರೂ ಹಾಕಬಹುದು. ಆದ್ರೆ ಇಲ್ಲಿ ನೋಡಿ.’ ಅವಳು ಒಂದು ಕಾಗದದ ಪಟ್ಟಿಯನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ, ಎರಡು ಬೆರಳಲ್ಲಿ ಎಳೆದಳು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕಾಗದ ಈಚೆ ಬಂತು. ‘ಬಾಗಿಲು ಕೂರ್ತಾ ಇಲ್ಲ, ಕೊಂಡಿ ಸವೆದು ಸಿಕ್ಕಿಕೊಳ್ಳುತ್ತೆ, ಸಂದಿನಿಂದ ಒಳಗಿನ ಅಲೆ ಈಚೆ ಸೋರುತ್ತೆ. ಒಳಗೆ ಬಣ್ಣ ಎದ್ದು ತುಕ್ಕು ತಿಂದಿದೆ. ಕುದಿಯುತ್ತೋ ಇಲ್ವೋ ಅಂತಲ್ಲ ಸರ್ ನೋಡೋದು. ಬಾಗಿಲು ಹೋದ ಮೇಲೆ ಓವನ್ ಹೋದ ಹಾಗೇ.’

ಸಾಹೇಬರು ತಾವೇ ಕಾಗದ ಸಿಕ್ಕಿಸಿ ಎಳೆದು ನೋಡಿದರು. ಮೂರು ಸಲ. ಮೂರು ಸಲವೂ ಅದು ನಾಚಿಕೆಯಿಲ್ಲದೆ ಈಚೆ ಬಂತು.

‘ಇಳಿಸಿ,’ ಎಂದರು.

ಇಳಿಸಿ ಕೆಳಗಿಟ್ಟ ಮೇಲೆ ರಿಪೇರಿಯವಳು ಗೋಡೆಯನ್ನೂ ಮಣೆಯನ್ನೂ ನೋಡಿದಳು. ‘ಹೊಸದು ಎಲ್ಲಿ ಕೂರಿಸ್ಬೇಕು? ಒಲೆ ಮುಂದೆ ನಿಲ್ಲೋರು ಯಾರು?’

‘ನನ್ನ ಹೆಂಡತಿ.’

‘ಎಷ್ಟು ಎತ್ತರ ಇದ್ದಾರೆ?’

ಒಲೆಯಿಂದ ಓವನ್ನಿನ ಎತ್ತರ ಸಾಹೇಬರಿಗೆ ನಿದ್ದೆಗಣ್ಣಲ್ಲೂ ಗೊತ್ತಿತ್ತು. ಬೀದಿಯ ಪ್ರತಿ ಅಂಗಡಿಯ ತಕ್ಕಡಿಯ ಜಾತಕ ಗೊತ್ತಿತ್ತು. ಮೂವತ್ತೆಂಟು ವರ್ಷ ಜೊತೆಗೆ ಬಾಳಿದವಳ ಎತ್ತರ ಗೊತ್ತಿರಲಿಲ್ಲ. ಕೈಯನ್ನು ಎದೆಯ ಹತ್ತಿರ ಹಿಡಿದರು. ಯೋಚಿಸಿ ಭುಜದ ತನಕ ಎತ್ತಿದರು. ಮತ್ತೆ ಕೊಂಚ ಇಳಿಸಿದರು.

‘ಇಷ್ಟು ಇರಬಹುದು. ಅಂದಾಜು.’

ಆ ಮಾತು ತಮ್ಮ ಬಾಯಿಂದಲೇ ಬಂತೆಂದು ಅವರಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ‘ಸ್ವಲ್ಪ ಇರಿ,’ ಎಂದು ಹೆಂಡತಿಗೆ ಫೋನ್ ಮಾಡಿದರು.

‘ನಿನ್ನ ಎತ್ತರ ಎಷ್ಟು?’

‘ಯಾಕ್ರೀ, ಹೆಣದ ಪೆಟ್ಟಿಗೆಗೆ ಅಳತೆ ಕೊಡ್ತಿದ್ದೀರಾ?’

‘ತಮಾಷೆ ಬೇಡ, ಹೇಳು.’

‘ನಾಲ್ಕಡಿ ಹತ್ತಿಂಚು. ಮದುವೆಗೆ ಮುಂಚೆ ನಿಮ್ಮಮ್ಮ ಕೇಳಿದಾಗ್ಲೂ ಅಷ್ಟೇ ಇತ್ತು. ಏನಾಯ್ತು, ಓವನ್ ಹೋಯ್ತಾ?’

‘ನಾನೇ ಇಳಿಸಿದೆ.’ ಹಾಗೆಯೇ ಸೇರಿಸಿದರು: ‘ಡ್ರಾಯರಿನಲ್ಲಿ ಮುಲಾಮಿನ ಟ್ಯೂಬ್ ಇತ್ತು. ಖಾಲಿಯಾಗಿದೆ.’

‘ಹೌದಾ? ಅದು ನಾಲ್ಕನೇದು. ತರ್ಬೇಕು ಅಂತಿದ್ದೆ.’

‘ನನಗೆ ಯಾಕೆ ಹೇಳ್ಲಿಲ್ಲ?’

‘ಮೊದಲ್ನೇ ಸಲ ಹೇಳಿದ್ದೆನಲ್ಲ. ಬಟ್ಟಲು ಜಾಸ್ತಿ ತುಂಬಿದ್ದೀಯ ಅಂದ್ರಿ. ಆಮೇಲೆ ಬಟ್ಟಲು ಸರಿಯಾಗೇ ತುಂಬ್ತಿದ್ದೆ. ಅದು ಬಿಡಿ, ಅದೇನು ಈಗ ಟ್ಯೂಬ್ ನೆನಪು? ಕೈ ಸುಟ್ಕೊಂಡ್ರಾ?’

‘ಸ್ವಲ್ಪ.’

‘ಸ್ವಲ್ಪ ಅಂದ್ರೆ ಎಷ್ಟು? ಗುಳ್ಳೆ ಎದ್ದಿದೆಯಾ? ಒಡೀಬೇಡಿ. ಉಜ್ಜಬೇಡಿ.’ ಹೆಂಡತಿಯ ದನಿಯಲ್ಲಿ ಅಷ್ಟು ಅನುಭವವಿತ್ತು. ಸಾಹೇಬರಿಗೆ ಅದನ್ನು ಕೇಳಲಾಗಲಿಲ್ಲ. ‘ಹೂಂ’ ಎಂದು ಫೋನಿಟ್ಟರು.

ಹತ್ತನೇ ದಿನ ಹೆಂಡತಿ ವಾಪಸ್ಸು ಬಂದಾಗ ಒಲೆಯ ಮೇಲೆ ಖಾಲಿ ಗೋಡೆ, ನಾಲ್ಕು ತೂತು. ಸಾಹೇಬರು ಟೇಪು ಹಿಡಿದು ನಿಂತಿದ್ದರು. ‘ಹೊಸದು ಎಲ್ಲಿಗೆ ಬೇಕು, ನೀನೇ ಹೇಳು.’ ಹೆಂಡತಿ ಚೀಲ ಕೆಳಗಿಟ್ಟು, ಕೈ ತೊಳೆದು, ಒಲೆಯ ಬಲಕ್ಕೆ ಕಟ್ಟೆಯ ಮೇಲೆ ಅಂಗೈ ಊರಿದರು. ‘ಇಲ್ಲಿ. ನಿಂತ ಕಡೆಯಿಂದ ಒಳಗೆ ಕಾಣೋ ಹಾಗೆ. ಮೇಲೆ ಹೊಗೆ ಎಳೆಯೋಕೆ ಬರೀ ಫ್ಯಾನ್ ಸಾಕು.’ ಸಾಹೇಬರು ಹೂಂ ಎಂದು ಅಳತೆ ಬರೆದುಕೊಂಡರು. ಕಟ್ಟೆಯ ಮೇಲೆ ಜಾಗ ಹಾಳಾಗುತ್ತದೆ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದು, ಸುಟ್ಟ ಬಲಗೈಯ ಬ್ಯಾಂಡೇಜನ್ನು ಕಂಡು ಹಿಂದಿರುಗಿತು.

ಹಾಗೆಂದು ಸಾಹೇಬರು ಬದಲಾಗಿಬಿಟ್ಟರು ಎಂದರೆ ಸುಳ್ಳಾದೀತು. ತಿಂಗಳಿಗೊಮ್ಮೆ ಫ್ಯಾನಿನ ಜಾಲರಿಯನ್ನು ಈಗ ಅವರೇ ತೊಳೆಯುತ್ತಾರೆ, ಆದರೆ ಇಡೀ ಬೀದಿಗೆ ಕೇಳುವಷ್ಟು ಸದ್ದು ಮಾಡಿ. ಅಕ್ಕಪಕ್ಕದ ಯಾರಾದರೂ ಅಡುಗೆಮನೆ ಕಟ್ಟಿಸುತ್ತಿದ್ದರೆ ಕರೆಯದೆಯೇ ಹೋಗಿ, ಭುಜಕ್ಕಿಂತ ಮೇಲೆ ಓವನ್ ಕೂರಿಸುವುದು ಎಂಥ ಮೂರ್ಖತನ, ನಿಲ್ಲುವವರ ಎತ್ತರ ಕೇಳದೆ ಗೆರೆ ಎಳೆಯುವವನು ಎಂಥ ಅಡ್ಡಕಸುಬಿ ಎಂದು ಅರ್ಧ ಗಂಟೆ ಭಾಷಣ ಮಾಡುತ್ತಾರೆ. ಇಷ್ಟೆಲ್ಲ ಹೇಗೆ ಗೊತ್ತು ಸಾಹೇಬರೇ ಎಂದು ಕೇಳಿದರೆ, ‘ಅನುಭವ ಕಣಯ್ಯಾ, ಅನುಭವ’ ಎನ್ನುತ್ತಾರೆ. ಆ ಹೊತ್ತಿಗೆ ಅನುಭವ ಮನೆಯಲ್ಲಿ ಕೂತು ತರಕಾರಿ ಹೆಚ್ಚುತ್ತಿರುತ್ತದೆ.